ರಿಪೇರಿಯಣ್ಣನನ್ನು ಕೇಳಿ: ಫೋನ್ ಲಾಕಿಗೆ ಎಷ್ಟು ಅಂಕಿ ಬೇಕು? (ಮುಂಬಯಿ ಕನ್ನಡಿಗರ ಗುಂಪು)

ಡೊಂಬಿವಲಿ ಸೊಸೆ: ಅಣ್ಣ, ನಮಸ್ಕಾರ. ಮಾವನಿಗೆ 74. ಬೆರಳು ನಡುಗುತ್ತದೆ, ಬೆರಳಚ್ಚು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಲಾಕಿಗೆ 1234 ಇಟ್ಟಿದ್ದೇವೆ, ಯುಪಿಐ ಪಿನ್ನೂ ಅದೇ. ಮರೆಯಬಾರದೆಂದು ಚೀಟಿಯಲ್ಲಿ ಬರೆದು, ಎಟಿಎಂ ಕಾರ್ಡಿನ ಜೊತೆ ಫೋನ್ ಕವರಿನೊಳಗೆ ಇಟ್ಟುಕೊಂಡಿದ್ದಾರೆ. ದಿನಾ ಲೋಕಲ್‌ನಲ್ಲಿ ಮಾಟುಂಗಾಕ್ಕೆ ಹೋಗಿ ಬರುತ್ತಾರೆ. ಈಗ ಲಾಕೇ ಬೇಡ ಅನ್ನುತ್ತಿದ್ದಾರೆ. ಎಂತ ಮಾಡುವುದು?

ರಿಪೇರಿಯಣ್ಣ: ತಂಗಿ, ಆ ಚೀಟಿ, ಕಾರ್ಡ್ ಎರಡನ್ನೂ ಮೊದಲು ಹೊರಗೆ ತೆಗೆಯಿರಿ. ಆಮೇಲೆ ಉಳಿದದ್ದು ಓದಿ. ಕಾರ್ಡಿನ ಕೊನೆಯ 6 ಅಂಕಿ, ಅವಧಿ, ಪಿನ್, ಓಟಿಪಿ ಬರುವ ಸಿಮ್, ಎಲ್ಲವೂ ಒಂದೇ ಕವರಿನಲ್ಲಿ ಉಂಟು. ಕದ್ದವನಿಗೆ ಯುಪಿಐ ಪಿನ್ ಹೊಸದಾಗಿ ಹಾಕಲಿಕ್ಕೂ ಇಷ್ಟು ಸಾಕಾಗಬಹುದು. ನನಗೆ ಇದೇ ಭಯ.

4 ಅಂಕಿಗೆ 10,000 ಸಾಧ್ಯತೆ, 6 ಅಂಕಿಗೆ 10 ಲಕ್ಷ. ಆದರೆ 1234ಕ್ಕೆ ಆ ಲೆಕ್ಕವೇ ಇಲ್ಲ, ಯಾರೇ ಆದರೂ ಮೊದಲು ಒತ್ತಿ ನೋಡುವುದು ಅದನ್ನೇ. ಹುಟ್ಟಿದ ವರ್ಷವೂ ಬೇಡ. ಮಾವನಿಗೆ ಬಾಯಿಪಾಠವಿರುವ 6 ಅಂಕಿ ಯಾವುದು ಕೇಳಿ. ಊರಿನ ಮನೆಯ ಹಳೇ ಲ್ಯಾಂಡ್‌ಲೈನ್ ನಂಬರು? ಅದು ಬೆರಳಿಗೇ ನೆನಪಿರುತ್ತದೆ, ಲೋಕಲ್‌ನ ಕಳ್ಳನಿಗೆ ಗೊತ್ತಿರುವುದಿಲ್ಲ. ಯುಪಿಐಗೆ ಬೇರೆಯೇ ಇರಲಿ. ಒಂದೇ ಹೆಬ್ಬೆರಳನ್ನು ಎರಡು ಸಲ ದಾಖಲಿಸಿ. ಪರದೆ 30 ಸೆಕೆಂಡಿಗೇ ಆರುತ್ತಿದ್ದರೆ 2 ನಿಮಿಷ ಮಾಡಿ. ಅಷ್ಟು ಸಡಿಲ ಕೊಡದಿದ್ದರೆ ಅವರು ಲಾಕನ್ನೇ ಕಿತ್ತು ಹಾಕುತ್ತಾರೆ. ಲಾಕ್ ಆದ ಪರದೆಯಲ್ಲಿ ಮೆಸೇಜಿನ ಒಳಗಿನದ್ದು ಕಾಣದ ಹಾಗೆ ಮಾಡಿ, ಇಲ್ಲದಿದ್ದರೆ ಓಟಿಪಿ ಅಲ್ಲೇ ಓದಬಹುದು.

ವಾಶಿ: ಬೆರಳಚ್ಚು ಇದ್ದರೂ ಪಿನ್ ಯಾಕೆ ಕೇಳುತ್ತದೆ?

ರಿಪೇರಿಯಣ್ಣ: ಆಫ್ ಮಾಡಿ ಆನ್ ಮಾಡಿದರೆ ಕೇಳಲೇಬೇಕು. ಹಾಳಾದದ್ದಲ್ಲ.

ಠಾಣೆ: ನನ್ನದೂ ಆನ್ ಮಾಡಿದ ಕೂಡಲೇ ಕೇಳುತ್ತದೆ. ಅಂಗಡಿಗೆ ತರಲಾ?

ರಿಪೇರಿಯಣ್ಣ: ಮೇಲೆ ಓದಿ.

ಪನವೇಲ್: ಹೊಸ ಗ್ಲಾಸ್ ಹಾಕಿಸಿದ ಮೇಲೆ ಬೆರಳಚ್ಚು ಹಿಡಿಯುತ್ತಿಲ್ಲ ಸರ್.

ಮಾಟುಂಗಾ ಹೋಟೆಲ್: ಗಲ್ಲಾದ ಫೋನಿಗೆ ಗೆರೆ ಎಳೆಯುವ ಪ್ಯಾಟರ್ನ್ ಆದೀತಾ?

ರಿಪೇರಿಯಣ್ಣ: ಬೇಡ. ಎಣ್ಣೆಗೈಯ ಗುರುತು ಗ್ಲಾಸಿನ ಮೇಲೆ ಹಾಗೇ ಉಳಿಯುತ್ತದೆ.

ಮುಲುಂಡ್: ಗಂಡ ಹೆಂಡತಿ ನಡುವೆ ಲಾಕ್ ಯಾಕೆ? ಮುಚ್ಚಿಡುವುದಿದ್ದವರಿಗೆ ಮಾತ್ರ ಬೇಕು.

ಬೊರಿವಲಿ: ಬಚ್ಚಲಿಗೂ ಚಿಲಕ ಹಾಕಿಕೊಳ್ಳುತ್ತೇವೆ. ಅಲ್ಲಿ ಎಂತ ಮುಚ್ಚಿಡಲಿಕ್ಕೆ ಉಂಟು?

ಮುಲುಂಡ್: ನಮ್ಮ ಅಪ್ಪ ಅಮ್ಮನ ನಡುವೆ ಇಂಥದ್ದೆಲ್ಲ ಇರಲಿಲ್ಲ.

ಬೊರಿವಲಿ: ಅಮ್ಮನ ಪಾಸ್‌ಬುಕ್ ಯಾರ ಕಪಾಟಿನಲ್ಲಿತ್ತು, ಹೇಳಿ.

ಮುಲುಂಡ್: ನನ್ನ ಮನೆಯ ವಿಷಯ ನಿಮಗೆ ಬೇಡ.

ರಿಪೇರಿಯಣ್ಣ: ಇಬ್ಬರೂ ನಿಲ್ಲಿಸಿ ಮಾರಾಯ್ರೇ. ಇಲ್ಲಿ ಒಬ್ಬ ಹಿರಿಯರ ಹಣದ ಮಾತು ನಡೆಯುತ್ತಿದೆ.

ಕಲ್ಯಾಣ್: ಫಾರ್ವರ್ಡ್ ಬಂದಿದೆ: ಸಿಮ್‌ಗೂ ಲಾಕ್ ಹಾಕಿ, ಹಳೇ ಪಿನ್ ಕೇಳಿದರೆ 0000, 1111 ಹೀಗೆ ಒತ್ತುತ್ತಾ ಹೋಗಿ.

ರಿಪೇರಿಯಣ್ಣ: ಯಾರೂ ಒತ್ತಬೇಡಿ! ಸಿಮ್ ಲಾಕ್ ಒಳ್ಳೆಯದೇ, ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೂ ಓಟಿಪಿ ಸಿಗುವುದಿಲ್ಲ. ಆದರೆ ಮೊದಲ ಪಿನ್ ಸಿಮ್ ಕಂಪನಿಯಿಂದಲೇ ತಿಳಿಯಬೇಕು. 3 ಸಲ ತಪ್ಪಿದರೆ ಪಿಯುಕೆ, ಅಂದರೆ ಲಾಕಾದ ಸಿಮ್ ಬಿಡಿಸುವ ಕೋಡ್, ಕೇಳುತ್ತದೆ. ಇಂಥ ಫಾರ್ವರ್ಡ್ ಇನ್ನು ಇಲ್ಲಿ ಹಾಕಬೇಡಿ, ಎಷ್ಟು ಸಲ ಹೇಳುವುದು?

ಕಲ್ಯಾಣ್: ನಾನು ಆಗಲೇ ಒತ್ತಿದ್ದೆ. ಪಿಯುಕೆಗೂ 8 ಸಲ ಏನೇನೋ ಹಾಕಿ ನೋಡಿದೆ.

ರಿಪೇರಿಯಣ್ಣ: ಫೋನ್ ಕೆಳಗಿಡಿ. 10 ಆದರೆ ಆ ಸಿಮ್ ಮುಗಿಯಿತು. ಬೇರೆ ಫೋನಿನಿಂದ ಸಿಮ್ ಕಂಪನಿಗೆ ಕರೆ ಮಾಡಿ.

ಡೊಂಬಿವಲಿ ಸೊಸೆ: ಅಣ್ಣ, ಚೀಟಿ ತೆಗೆದೆ. ಇನ್ನೊಂದು ಪ್ರತಿ ಪರ್ಸಿನಲ್ಲೂ ಉಂಟಂತೆ.

ರಿಪೇರಿಯಣ್ಣ: ಅದನ್ನೂ ತೆಗೆಯಿರಿ. ಪಿನ್ ಇವತ್ತೇ ಬದಲಿಸಿ, ನಾಳೆ ಲೋಕಲ್ ಹತ್ತುವ ಮೊದಲು.