ಅಪ್‌ಡೇಟ್: ಮ್ಯೂಸಿಯಂನ ‘ಇತರೆ ಕೆಲಸ’ಗಳ ಬಗ್ಗೆ ಕೇಳಿದ್ದೆನಲ್ಲ

ಎರಡು ತಿಂಗಳ ಹಿಂದೆ ಕೇಳಿದ್ದೆ: ಕಾಸರಗೋಡು ಕಡೆಯ ಮ್ಯೂಸಿಯಂ ಒಂದಕ್ಕೆ ತಾಳೆಗರಿ ಸಂಶೋಧನೆಗೆಂದು ಸೇರಿದ್ದೇನೆ, ವಾರದಲ್ಲಿ ನಾಲ್ಕು ದಿನ ಶಾಲಾಮಕ್ಕಳಿಗೆ ವಿವರಿಸುವುದು, ರಿಜಿಸ್ಟರ್ ಬರೆಯುವುದು, ಬೂಷ್ಟು ನೋಡುವುದರಲ್ಲೇ ಕಳೆಯುತ್ತಿದೆ, ಆಗುವುದಿಲ್ಲ ಎನ್ನಬಹುದೇ ಎಂದು. ‘ಆಗುವುದಿಲ್ಲ ಎನ್ನಬೇಡಿ, ಎಷ್ಟು ದಿನ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ’ ಎಂದಿರಿ. ಹಾಗೇ ಮಾಡಿದೆ.

ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೆಂದು ಒಂದು ತಿಂಗಳು ಡೈರಿಯಲ್ಲಿ ಬರೆದು ಕ್ಯುರೇಟರ್ ಮೇಡಂ ಮುಂದಿಟ್ಟೆ. ಅವರಿಗೇ ಆಶ್ಚರ್ಯವಾಯಿತು. ಈಗ ಮಂಗಳವಾರ, ಶುಕ್ರವಾರ ಮಾತ್ರ ಆ ಕೆಲಸ. ವಾರ್ಷಿಕ ವರದಿಯಲ್ಲೂ ಅದು ನನ್ನ ಹೆಸರಿನಲ್ಲಿ ಬರುತ್ತದೆ.

ಬೂಷ್ಟು ನೋಡುವುದನ್ನು ನಾನಾಗಿಯೇ ಉಳಿಸಿಕೊಂಡೆ. ನಮ್ಮ ಆಟಿ ಮಳೆಯ ತೇವ ನಿಮಗೆ ಗೊತ್ತೇ ಇದೆ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ನಿಂಬೆಹುಲ್ಲಿನ ಎಣ್ಣೆಯನ್ನು ಹತ್ತಿಯಲ್ಲಿ ಒಂದೊಂದೇ ಗರಿಗೆ ಸವರಬೇಕು. ಹೀಗೆ ಸವರುವಾಗ ‘ಮಲಯಾಳಂ’ ಎಂಬ ಚೀಟಿಯಿದ್ದ ಕಟ್ಟೊಂದರ ಅಕ್ಷರ ಬೇರೆಯೇ ಕಂಡಿತು. ನೋಡಿದರೆ ತಿಗಳಾರಿ, ನಮ್ಮ ತುಳುನಾಡಿನ ಹಳೆಯ ಲಿಪಿ! ಎರಡೂ ‘ಗ್ರಂಥ’ ಎಂಬ ಹಳೆಯ ಲಿಪಿಯಿಂದಲೇ ಬಂದವು, ನೋಡಲು ಅಕ್ಕತಂಗಿಯರ ಹಾಗೆ. ರಿಜಿಸ್ಟರ್ ಬರೆದವರು ಮೋಸಹೋದದ್ದು ತಪ್ಪಲ್ಲ. ಕುಳಿತು ಓದುವ ದಿನಗಳಲ್ಲಿ ಆ ಕಟ್ಟು ನನ್ನ ಕೈಗೇ ಬರುತ್ತಿರಲಿಲ್ಲ, ನನ್ನ ವಿಷಯದ ಪಟ್ಟಿಯಲ್ಲೇ ಅದು ಇರಲಿಲ್ಲ.

ನಮೂದು ತಿದ್ದಿಯಾಯಿತು. ಮೊದಲ ಒಂಬತ್ತು ಗರಿ ಓದಿದ್ದೇನೆ. ತಿಗಳಾರಿ ಓದಬಲ್ಲ ಹಿರಿಯರು ಮಂಜೇಶ್ವರ, ಕುಂಬಳೆ ಕಡೆ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಮನೆಗೇ ಬರುತ್ತೇನೆ.