100 ಡಾಲರ್ ಡಿವಿಡೆಂಡ್‌ಗೆ ಕೈಗೆ ಬಂದಿದ್ದು 70: ಇದು ಸ್ವಿಸ್ ಬ್ರೋಕರ್ ಶುಲ್ಕವೋ, ತೆರಿಗೆಯೋ?

ವಿಂಟರ್‌ಥುರ್ ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಾನು ಸ್ವಿಟ್ಜರ್ಲೆಂಡ್‌ನಲ್ಲಿ ಬಿ ಪರ್ಮಿಟ್‌ನಲ್ಲಿ (ವಾಸದ ಪರವಾನಗಿ) ಇದ್ದೇನೆ. ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುತ್ತಾರೆ. ವರ್ಷದ ಸಂಬಳ 1,20,000 ಫ್ರಾಂಕ್ ದಾಟುವುದಿಲ್ಲ, ಹಾಗಾಗಿ ಇಲ್ಲಿ ಇನ್ನೂ ರಿಟರ್ನ್ ತುಂಬಿಲ್ಲ.

ಇಲ್ಲಿನ ಒಂದು ಬ್ಯಾಂಕ್‌ನಲ್ಲಿ ಷೇರು ಖಾತೆ ಇದೆ. ಅದರಲ್ಲಿ ಅಮೆರಿಕದ ಕೆಲವು ಷೇರು, ಜೊತೆಗೆ 60 ನೆಸ್ಲೆ. 2024ರ ಡಿಸೆಂಬರ್‌ನಲ್ಲಿ ಒಂದು ಅಮೆರಿಕದ ಕಂಪನಿಯಿಂದ 100 ಡಾಲರ್ ಡಿವಿಡೆಂಡ್ ಬರಬೇಕಿತ್ತು, ಬಂದಿದ್ದು 70. ನಾನು ಅಮೆರಿಕದ ತೆರಿಗೆದಾರ ಅಲ್ಲ ಅಂತ ಹೇಳುವ ಡಬ್ಲ್ಯೂ-8ಬೆನ್ ಫಾರ್ಮ್‌ಗೆ ಸಹಿ ಹಾಕಿ ಕೊಟ್ಟಿದ್ದೇನೆ. ಅದಿದ್ದರೆ 15% ಮಾತ್ರ ಹೋಗಬೇಕು, ಅಲ್ವಾ? ಉಳಿದ 15% ಬ್ಯಾಂಕ್ ಶುಲ್ಕ ಅನ್ನಿಸುತ್ತಿದೆ. ಬೇರೆ ಬ್ರೋಕರ್‌ಗೆ ಹೋಗಬೇಕು ಅಂದುಕೊಂಡಿದ್ದೇನೆ. ಯಾವುದು ಅಗ್ಗ?

ಬಾಸೆಲ್ ಅಕ್ಕ

ಬ್ರೋಕರ್ ವಿಷಯ ಆಮೇಲೆ ನೋಡೋಣ. ಡಿವಿಡೆಂಡ್ ಬಂದಾಗ ಬ್ಯಾಂಕ್ ಕಳಿಸಿದ ಪಿಡಿಎಫ್ ಇದೆಯಲ್ಲ, ಅದರಲ್ಲಿ ಕಡಿತ ಒಂದು ಸಾಲೋ ಎರಡು ಸಾಲೋ? ಹೆಸರು ಹೇಗಿದೆಯೋ ಹಾಗೇ ಬರೆಯಿರಿ.

ವಿಂಟರ್‌ಥುರ್ ಮಲೆನಾಡಿಗ

ಎರಡು ಸಾಲು ಇದೆ ಮೇಡಂ. ಮೊದಲನೆಯದು "ಕ್ವೆಲ್ಲೆನ್‌ಸ್ಟೊಯರ್ 15%", 15 ಡಾಲರ್. ಎರಡನೆಯದು "ತ್ಸೂಸೆಟ್ಸ್‌ಲಿಖರ್ ಸ್ಟೊಯರ್‌ರ್ಯೂಕ್‌ಬೆಹಾಲ್ಟ್ ಯುಎಸ್‌ಎ 15%", ಅದೂ 15 ಡಾಲರ್. ಶುಲ್ಕ ಅಂತ ಬೇರೆ ಸಾಲಿಲ್ಲ.

ಬಾಸೆಲ್ ಅಕ್ಕ

ಹಾಗಿದ್ದರೆ ಬ್ಯಾಂಕ್ ಶುಲ್ಕ ಒಂದು ಸೆಂಟ್ ಕೂಡ ಇಲ್ಲ. ಮೊದಲ 15 ಅಮೆರಿಕ ಸರ್ಕಾರಕ್ಕೆ ಹೋಗಿದೆ. ನೀವು ಕೊಟ್ಟ ಫಾರ್ಮ್ ಕೆಲಸ ಮಾಡಿದೆ, ಇಲ್ಲದಿದ್ದರೆ ಅಮೆರಿಕವೇ 30% ಹಿಡಿಯುತ್ತಿತ್ತು. ಎರಡನೇ 15 ಸ್ವಿಟ್ಜರ್ಲೆಂಡ್ ಸರ್ಕಾರದ ಹತ್ತಿರ ಇದೆ. ನೀವು ಈ ಡಿವಿಡೆಂಡನ್ನು ರಿಟರ್ನ್‌ನಲ್ಲಿ ತೋರಿಸಲಿ ಅಂತಲೇ ಸ್ವಿಸ್ ಬ್ಯಾಂಕ್‌ಗಳು ಅದನ್ನು ಹಿಡಿದು ಕಟ್ಟುತ್ತವೆ. ತೋರಿಸಿದರೆ ವಾಪಸ್ ಬರುತ್ತದೆ. ಸ್ವಿಸ್ ಕಂಪನಿ ನೆಸ್ಲೆಯ ಡಿವಿಡೆಂಡ್‌ನಲ್ಲಿ ಮುರಿಯುವ 35% ಕೂಡ ಹೀಗೇ. ಅದರ ಹೆಸರು ಫೆರ್‌ರೆಖ್ನುಂಗ್ಸ್‌ಸ್ಟೊಯರ್. ಪ್ರಾಮಾಣಿಕವಾಗಿ ತೋರಿಸಿದವರಿಗೆ ಪೂರ್ತಿ ವಾಪಸ್.

ಅಮೆರಿಕಕ್ಕೆ ಹೋದ 15% ಮಾತ್ರ ಬೇರೆ ಲೆಕ್ಕ. ಅದನ್ನು ಅಮೆರಿಕ ಕೊಡುವುದಿಲ್ಲ. ಡಿಎ-1 ಫಾರ್ಮ್ ಹಾಕಿದರೆ ನಿಮ್ಮ ಕ್ಯಾಂಟನ್ (ಇಲ್ಲಿನ ರಾಜ್ಯ) ಇಲ್ಲಿನ ತೆರಿಗೆಗೆ ವಜಾ ಮಾಡಿಕೊಡುತ್ತದೆ. ಎರಡನೇ 15%ಗೆ ಬೇಕಾದ ಆರ್-ಯುಎಸ್ ಭಾಗವೂ ಅದೇ ಫಾರ್ಮ್‌ನಲ್ಲಿದೆ. ವರ್ಷಕ್ಕೆ ಒಟ್ಟು ಎಷ್ಟು ಡಿವಿಡೆಂಡ್?

ವಿಂಟರ್‌ಥುರ್ ಮಲೆನಾಡಿಗ

ಅಮೆರಿಕದ್ದು ಸುಮಾರು 900 ಫ್ರಾಂಕ್. ನೆಸ್ಲೆ ಷೇರಿಗೆ 3 ಫ್ರಾಂಕ್‌ನಂತೆ 180.

ಬಾಸೆಲ್ ಅಕ್ಕ

900ಕ್ಕೆ ಅಮೆರಿಕದಲ್ಲಿ ಹೋಗಿದ್ದು 135. ಡಿಎ-1 ಸಿಗಬೇಕಾದರೆ ಈ ಮೊತ್ತ 100 ಫ್ರಾಂಕ್ ದಾಟಿರಬೇಕು, ದಾಟಿದೆ. ಸ್ವಿಸ್ ಕಡೆ ಹಿಡಿದಿದ್ದು ಇನ್ನೊಂದು 135. ನೆಸ್ಲೆಯಿಂದ 63. ಒಟ್ಟು 333 ಫ್ರಾಂಕ್. ಇದು ಪೂರ್ತಿ ಲಾಭ ಅಲ್ಲ, ಡಿವಿಡೆಂಡ್ ತೋರಿಸಿದ ಮೇಲೆ ಅದರ ಮೇಲೆ ಇಲ್ಲಿನ ಆದಾಯ ತೆರಿಗೆ ಬೀಳುತ್ತದೆ. ಡಿಎ-1ರ ವಜಾ ಕೂಡ ಆ ಡಿವಿಡೆಂಡ್ ಮೇಲೆ ಬೀಳುವ ಸ್ವಿಸ್ ತೆರಿಗೆಯನ್ನು ಮೀರುವುದಿಲ್ಲ. ಸಂಬಳ ಕಡಿಮೆ ಇದ್ದವರಿಗೆ 135ರಲ್ಲಿ ಸ್ವಲ್ಪ ಕೈಬಿಡಬಹುದು.

ಲುಗಾನೊ ಲೆಕ್ಕಿಗ

ಅಕ್ಕ ಹೇಳಿದ್ದು ಸರಿ. ಆದರೆ ಅವರು ರಿಟರ್ನೇ ತುಂಬುತ್ತಿಲ್ಲ, ಈ ಫಾರ್ಮ್‌ಗಳನ್ನು ಎಲ್ಲಿ ಹಾಕುತ್ತಾರೆ? ಸರ್, ನೀವು ಮೊದಲು ಎನ್‌ಒವಿಗೆ ಅರ್ಜಿ ಹಾಕಬೇಕು. ಪೂರ್ತಿ ಹೆಸರು ನಾಖ್‌ಟ್ರೆಗ್ಲಿಖೆ ಒರ್ಡೆಂಟ್ಲಿಖೆ ಫೆರಾನ್‌ಲಾಗುಂಗ್. ಸಂಬಳದಲ್ಲಿ ತೆರಿಗೆ ಮುರಿದವರೂ ಎಲ್ಲರಂತೆ ರಿಟರ್ನ್ ತುಂಬುವ ದಾರಿ ಇದು. 2024ರ ಆದಾಯಕ್ಕೆ ಕೊನೆಯ ದಿನ 2025ರ ಮಾರ್ಚ್ 31. ಇದಕ್ಕೆ ವಿಸ್ತರಣೆ ಇಲ್ಲ. ರಿಟರ್ನ್ ತುಂಬಲು ಆಮೇಲೆ ಸಮಯ ಕೇಳಬಹುದು, ಈ ಅರ್ಜಿಗೆ ಕೇಳುವಂತಿಲ್ಲ. ಏಪ್ರಿಲ್‌ನಲ್ಲಿ ಬಂದು ಕೇಳುವವರನ್ನು ಪ್ರತಿ ವರ್ಷ ನೋಡುತ್ತೇನೆ, ಬೇಜಾರಾಗುತ್ತದೆ.

ಒಂದು ಸಲ ಇದರೊಳಗೆ ಬಂದರೆ ಮುಂದಿನ ವರ್ಷಗಳಿಗೂ ಇದೇ. ಒಂದು ವರ್ಷ ಬೇಕು, ಇನ್ನೊಂದು ವರ್ಷ ಬೇಡ ಅನ್ನುವಂತಿಲ್ಲ. ಸಂಬಳದಲ್ಲಿ ಮುರಿಯುವ ತೆರಿಗೆ ಇಡೀ ಕ್ಯಾಂಟನ್‌ನ ಸರಾಸರಿ ದರದ್ದು. ನಿಮ್ಮ ಊರಿನ ದರ ಅದಕ್ಕಿಂತ ಜಾಸ್ತಿ ಇದ್ದರೆ 333 ಉಳಿಸಲು ಹೋಗಿ ಅದಕ್ಕಿಂತ ಹೆಚ್ಚು ಕಟ್ಟಬೇಕಾಗಿ ಬರಬಹುದು. 3ಎ ಪಿಂಚಣಿ ಖಾತೆಗೆ ಹಣ ಹಾಕಿದ್ದೀರಾ? ಅದರ ವಿನಾಯಿತಿ ನಿಮ್ಮಂಥವರಿಗೆ ಎನ್‌ಒವಿಯಲ್ಲಿ ಮಾತ್ರ ಸಿಗುತ್ತದೆ.

ವಿಂಟರ್‌ಥುರ್ ಮಲೆನಾಡಿಗ

ಹಾಕಿದ್ದೇನೆ ಸರ್, 2024ರ ಪೂರ್ತಿ ಮಿತಿ, 7,056 ಫ್ರಾಂಕ್.

ಲುಗಾನೊ ಲೆಕ್ಕಿಗ

ಹಾಗಿದ್ದರೆ ನಿಮ್ಮ ವಿಷಯದಲ್ಲಿ ಅರ್ಜಿ ಹಾಕುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೂ ಕ್ಯಾಂಟನ್ ವೆಬ್‌ಸೈಟ್‌ನ ತೆರಿಗೆ ಕ್ಯಾಲ್ಕುಲೇಟರ್‌ನಲ್ಲಿ ಒಮ್ಮೆ ಹಾಕಿ ನೋಡಿ.

ರೈನ್ ದಂಡೆ

ನನ್ನದೂ ಇದೇ ಗೋಳು, ಊರಿನ ಷೇರುಗಳಲ್ಲಿ. ಎನ್‌ಆರ್‌ಒ (ಅನಿವಾಸಿ ಭಾರತೀಯರ) ಖಾತೆಯಲ್ಲಿ ಇನ್ಫೋಸಿಸ್ ಇದೆ. 20.8% ಟಿಡಿಎಸ್ ಮುರಿದಿದ್ದಾರೆ. ಡಿಎ-1ರಲ್ಲಿ ಅಷ್ಟೂ ಹಾಕಬಹುದಾ? ಸ್ವಿಸ್‌ನವರು ಭಾರತದ ಜೊತೆಗಿನ ತೆರಿಗೆ ಒಪ್ಪಂದದಲ್ಲಿ ಏನೋ ನಿಲ್ಲಿಸಿದರು ಅಂತಲೂ ಓದಿದೆ.

ಬಾಸೆಲ್ ಅಕ್ಕ

ಇಲ್ಲ. ಒಪ್ಪಂದದ ಪ್ರಕಾರ ಭಾರತಕ್ಕೆ ಸೇರುವುದು 10%, ಡಿಎ-1ರಲ್ಲಿ ಅಷ್ಟೇ ಹಾಕಿ. ಉಳಿದ 10.8% ಭಾರತದಲ್ಲಿ ಐಟಿಆರ್ ತುಂಬಿ ರಿಫಂಡ್ ಕೇಳಬೇಕು. ಅದಕ್ಕೆ ನೀವು ಇಲ್ಲಿನ ನಿವಾಸಿ ಅನ್ನುವ ಪ್ರಮಾಣಪತ್ರ, ಅಂದರೆ ಟಿಆರ್‌ಸಿ, ಜೊತೆಗೆ ಭಾರತದ ಫಾರ್ಮ್ 10ಎಫ್ ಬೇಕು. ಟಿಆರ್‌ಸಿಯನ್ನು ನಿಮ್ಮ ತೆರಿಗೆ ಕಚೇರಿ, ಅಂದರೆ ಸ್ಟೊಯರಾಮ್ಟ್, ಕೊಡುತ್ತದೆ. ಇಲ್ಲಿನ ತೆರಿಗೆ ವರ್ಷ ಜನವರಿಯಿಂದ, ನಮ್ಮೂರಿನದು ಏಪ್ರಿಲ್‌ನಿಂದ, ಹಾಗಾಗಿ ಎರಡು ವರ್ಷದ್ದು ಕೇಳಿಟ್ಟುಕೊಳ್ಳಿ. ಇದನ್ನೆಲ್ಲ ಮೊದಲೇ ಕಂಪನಿಯ ರಿಜಿಸ್ಟ್ರಾರ್‌ಗೆ ಕೊಟ್ಟರೆ ಮುರಿಯುವಾಗಲೇ 10% ಮುರಿಯುತ್ತಾರೆ.

ನೀವು ಓದಿದ ಸುದ್ದಿ ಇನ್ನೊಂದು ದಿಕ್ಕಿನದು. ಭಾರತದಲ್ಲಿ ಇರುವವರಿಗೆ ಸ್ವಿಸ್ ಕಂಪನಿ ಕೊಡುವ ಡಿವಿಡೆಂಡ್‌ಗೆ 5% ಅನ್ವಯಿಸುತ್ತಿದ್ದರು, 2025ರ ಜನವರಿ 1ರಿಂದ 10%. ಮೈಸೂರಲ್ಲಿರುವ ನಿಮ್ಮ ಅಪ್ಪನ ಹೆಸರಲ್ಲಿ ರೋಶ್ ಷೇರು ಇದ್ದರೆ ಅವರಿಗೆ ಲೆಕ್ಕಕ್ಕೆ ಬರುತ್ತದೆ, ಇನ್ಫೋಸಿಸ್ ಇಟ್ಟುಕೊಂಡ ನಿಮಗಲ್ಲ.

ವಿಂಟರ್‌ಥುರ್ ಮಲೆನಾಡಿಗ

ಅರ್ಜಿ ಇವತ್ತೇ ಹಾಕಿದೆ. ತುಂಬಾ ಥ್ಯಾಂಕ್ಸ್. ಈಗ ಬ್ರೋಕರ್ ವಿಷಯ. ಬದಲಾಯಿಸಬೇಕಾ, ಬೇಡವಾ?

ಲುಗಾನೊ ಲೆಕ್ಕಿಗ

ಕಮಿಷನ್ ಒಂದನ್ನೇ ಹೋಲಿಸಬೇಡಿ. 5,000 ಫ್ರಾಂಕ್‌ಗೆ ಅಮೆರಿಕದ ಇಟಿಎಫ್ (ಷೇರಿನಂತೆ ಕೊಳ್ಳುವ ಫಂಡ್) ಕೊಳ್ಳುತ್ತೀರಿ ಅಂತಿಟ್ಟುಕೊಳ್ಳಿ. ಸ್ವಿಸ್ ಬ್ಯಾಂಕ್ ಮೂಲಕ ಕೊಂಡರೆ ವಿದೇಶಿ ಷೇರಿಗೆ 0.15% ಸ್ಟ್ಯಾಂಪ್ ತೆರಿಗೆ, 7.50 ಫ್ರಾಂಕ್. ಮಾರುವಾಗ ಮತ್ತೆ ಅಷ್ಟೇ. ಫ್ರಾಂಕನ್ನು ಡಾಲರ್ ಮಾಡಲು ದರದಲ್ಲೇ 1% ತೆಗೆದುಕೊಂಡರೆ 50 ಫ್ರಾಂಕ್. ನಿಜವಾದ ಪೆಟ್ಟು ಇಲ್ಲೇ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ, ಯಾಕೆಂದರೆ ಬಿಲ್‌ನಲ್ಲಿ ಇದಕ್ಕೆ ಬೇರೆ ಸಾಲು ಇರುವುದು ಅಪರೂಪ. ಅಮೆರಿಕದ ಆನ್‌ಲೈನ್ ಬ್ರೋಕರ್ ಇಂಟರಾಕ್ಟಿವ್ ಬ್ರೋಕರ್ಸ್‌ನಲ್ಲಿ ಡಾಲರ್ ಕೊಳ್ಳಲು ಕನಿಷ್ಠ ಶುಲ್ಕ 2 ಡಾಲರ್. ಅದು ಸ್ವಿಸ್ ಡೀಲರ್ ಅಲ್ಲ, ಹಾಗಾಗಿ ಸ್ಟ್ಯಾಂಪ್ ತೆರಿಗೆ ಇಲ್ಲ, ಆ ಎರಡನೇ 15% ಕೂಡ ಮುರಿಯುವುದಿಲ್ಲ. ಆದರೆ ಅಮೆರಿಕದ ಮೊದಲ 15% ಹೋಗೇ ಹೋಗುತ್ತದೆ, ಡಿಎ-1 ಹಾಕಲೇಬೇಕು. ಇಲ್ಲಿನ ಬ್ಯಾಂಕ್ ಕೊಡುವ ಸಿದ್ಧ ತೆರಿಗೆ ಪಟ್ಟಿಯೂ ಇರುವುದಿಲ್ಲ, ಒಂದೊಂದೇ ಸಾಲು ನೀವೇ ತುಂಬಬೇಕು. ನಾನು ಅದನ್ನು ಮಾಡಲು ಸಿದ್ಧ. ಬೇಡ ಅನ್ನುವವರು ಇಲ್ಲೇ ಇದ್ದು, ಕರೆನ್ಸಿ ದರ ಕಡಿಮೆ ಇರುವ ಸ್ವಿಸ್ ಬ್ರೋಕರ್ ಹುಡುಕಿದರೂ ಸಾಕು.

ಬಾಸೆಲ್ ಅಕ್ಕ

ಐರ್ಲೆಂಡ್‌ನ ಇಟಿಎಫ್ ಕೊಂಡರೆ ಈ ಫಾರ್ಮ್ ತಲೆನೋವಿಲ್ಲ ಅಂತ ಯಾರಾದರೂ ಹೇಳಬಹುದು. ಅದರಲ್ಲಿ ಅಮೆರಿಕದ 15% ಫಂಡ್‌ನ ಒಳಗೇ ಹೋಗಿರುತ್ತದೆ. ನಿಮ್ಮ ಹೆಸರಲ್ಲಿ ಮುರಿದಿಲ್ಲ, ಹಾಗಾಗಿ ಡಿಎ-1ರಲ್ಲಿ ಕೇಳಲು ಏನೂ ಇಲ್ಲ. 100 ಫ್ರಾಂಕ್ ಮಿತಿ ದಾಟದ ಚಿಕ್ಕ ಹೂಡಿಕೆಗೆ ಅದೇ ಸರಿ. ನಿಮ್ಮದು ದಾಟಿದೆ.

ಇನ್ನು, ಷೇರುಗಳನ್ನು ಹಾಗೇ ವರ್ಗಾಯಿಸುವ ಮೊದಲು ಈಗಿನ ಬ್ಯಾಂಕ್‌ನ ದರಪಟ್ಟಿ ನೋಡಿ. ಒಂದೊಂದು ಕಂಪನಿಯ ಷೇರಿಗೂ ಬೇರೆ ಬೇರೆ ವರ್ಗಾವಣೆ ಶುಲ್ಕ ಇದ್ದರೆ ಮಾರಿ, ಹಣ ಕಳಿಸಿ, ಅಲ್ಲಿ ಮತ್ತೆ ಕೊಳ್ಳುವುದೇ ಅಗ್ಗವಾಗಬಹುದು. ಸಾಮಾನ್ಯ ಹೂಡಿಕೆದಾರರಿಗೆ ಷೇರು ಮಾರಿದ ಲಾಭಕ್ಕೆ ಇಲ್ಲಿ ತೆರಿಗೆ ಇಲ್ಲ, ಕಮಿಷನ್ ಮತ್ತು ಸ್ಟ್ಯಾಂಪ್ ಮಾತ್ರ ಹೋಗುತ್ತದೆ. ಖಾತೆ ಮುಚ್ಚುವ ಮುಂಚೆ 2024ರ ಎಲ್ಲ ಡಿವಿಡೆಂಡ್ ಪಿಡಿಎಫ್‌ಗಳನ್ನು ಇಳಿಸಿಟ್ಟುಕೊಳ್ಳಿ, ಡಿಎ-1ಗೆ ಅವು ಬೇಕಾಗುತ್ತವೆ.