ಪದಚರ್ಚೆ: ಕಿಟೆಲ್ ಎಂಬ ಅಂಗಿ, ಕಿಟೆಲ್ ಎಂಬ ಅಡ್ಡಹೆಸರು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಜರ್ಮನಿಯಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳು ಹೋದ ತಿಂಗಳು ಒಂದು ಚಿತ್ರ ಕಳುಹಿಸಿದಳು. ಅವಳ ಪ್ರಯೋಗಾಲಯದ ಬಾಗಿಲಿಗೆ ಅಂಟಿಸಿದ ಹಾಳೆ, ಅದರ ಮೇಲೆ ದಪ್ಪಕ್ಷರದಲ್ಲಿ ‘ಕಿಟೆಲ್‌ಫ್ಲಿಷ್ಟ್’ ಎಂಬ ಒಂದೇ ಪದ. ಕೆಳಗೆ ಅವಳ ಟಿಪ್ಪಣಿ: "ಚಿಕ್ಕಪ್ಪ, ಇಲ್ಲಿ ಕಿಟೆಲ್ ಇಲ್ಲದೆ ಒಳಗೆ ಬಿಡುವುದಿಲ್ಲವಂತೆ. ನಿಮ್ಮ ಕಪಾಟಿನಲ್ಲಿರುವುದನ್ನು ಕಳುಹಿಸಿಕೊಡಿ." ನಗು ಬಂತು. ಆದರೆ ಮೂವತ್ತು ವರ್ಷಗಳಿಂದ ದಿನಕ್ಕೊಮ್ಮೆಯಾದರೂ ತೆರೆಯುವ ಕನ್ನಡ-ಇಂಗ್ಲಿಷ್ ನಿಘಂಟಿನ ಬೆನ್ನ ಮೇಲಿರುವ, ಅದನ್ನು ರಚಿಸಿದ ಜರ್ಮನ್ ಪಾದ್ರಿ ಫರ್ಡಿನಂಡ್ ಕಿಟೆಲ್‌ರ ಹೆಸರಿಗೆ ಒಂದು ಅರ್ಥವಿದ್ದೀತು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಹಾಳೆಯ ಮಾತಿನ ಅರ್ಥ ಇಷ್ಟೇ: ಇಲ್ಲಿ ಬಿಳಿ ಕೋಟು ಕಡ್ಡಾಯ.

ಇದನ್ನು ನಾಲ್ಕು ಜನರೊಂದಿಗೆ ಹಂಚಿಕೊಂಡೆ. ಒಬ್ಬರು, "ಯಹೂದಿಗಳು ಹಬ್ಬದಲ್ಲಿ ಉಡುವ ಬಿಳಿ ಅಂಗಿಗೂ ಕಿಟೆಲ್ ಎನ್ನುತ್ತಾರೆ, ಹಾಗಾದರೆ ನಮ್ಮ ಕಿಟೆಲ್ ಮೂಲದಲ್ಲಿ ಯಹೂದಿಯೇ" ಎಂದರು. ಇನ್ನೊಬ್ಬರು, "ವಾದ ಏಕೆ, ಆ ಮನೆತನದ ಯಾರಾದರೂ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ತೀರಿತು" ಎಂದರು. ಋಷಿಮೂಲ, ನದಿಮೂಲ ಕೇಳಬಾರದು ಎನ್ನುತ್ತಾರೆ. ಪದಮೂಲ ಕೇಳಬಾರದೆಂದು ಯಾರೂ ಹೇಳಿಲ್ಲ. ಈ ಎರಡೂ ಮಾತುಗಳಲ್ಲಿ ತೊಡಕಿದೆ ಎಂದು ನನಗನಿಸುವುದರಿಂದ ಬಳಗದ ಮುಂದೆ ಇಡುತ್ತಿದ್ದೇನೆ.

ಮೊದಲು ಉಚ್ಚಾರಣೆ. ಜರ್ಮನ್ ಕಾಗುಣಿತದಲ್ಲಿ ಎರಡು ಟಕಾರಗಳಿವೆ. ಅದನ್ನು ನೋಡಿಯೇ ನಮ್ಮಲ್ಲಿ ಅನೇಕರು ‘ಕಿಟ್ಟೆಲ್’ ಎಂದು ಬರೆಯುತ್ತಾರೆ. ಜರ್ಮನ್ನಿನಲ್ಲಿ ಆ ಇಮ್ಮಡಿ ಅಕ್ಷರ ಒತ್ತಿಗಾಗಿ ಬಂದದ್ದಲ್ಲ. ಹಿಂದಿನ ಸ್ವರ ಹ್ರಸ್ವ ಎಂದು ತೋರಿಸುವ ಗುರುತು ಅಷ್ಟೇ. ಕಿವಿಗೆ ಬೀಳುವುದು ಒಂದೇ ಟಕಾರ, ಕೊನೆಯ ಎಕಾರವೂ ಬಹುಮಟ್ಟಿಗೆ ಕರಗಿಹೋಗಿ ‘ಕಿಟ್‌ಲ್’ ಎಂಬಂತೆ ಕೇಳುತ್ತದೆ. ಹಾಗಾಗಿ ನಾನು ಒತ್ತಿಲ್ಲದ ‘ಕಿಟೆಲ್’ ಪರ. ಧಾರವಾಡದ ಕಿಟೆಲ್ ಕಾಲೇಜಿನ ಹಾದಿಯಲ್ಲಿ ಎರಡೂ ಬಗೆಯಲ್ಲಿ ಕೇಳಿದ್ದೇನೆ, ಜಗಳವಿಲ್ಲ.

ಈಗ ಅರ್ಥ. ಮಧ್ಯಕಾಲದ ಜರ್ಮನ್ನಿನಲ್ಲಿ ‘ಕಿಟೆಲ್’ ಎಂದರೆ ಗಂಡಸರೂ ಹೆಂಗಸರೂ ತೊಡುತ್ತಿದ್ದ ಸಡಿಲವಾದ ಮೇಲಂಗಿ. ಮುಂದೆ ಅದು ಹೆಚ್ಚಾಗಿ ದುಡಿಯುವವರ ಬಟ್ಟೆಯಾಯಿತು: ತಲೆಯ ಮೇಲಿನಿಂದ ಇಳಿಬಿಡುವ, ಒಳಗಿನ ಬಟ್ಟೆ ಕೊಳೆಯಾಗದಂತೆ ಕಾಯುವ ಒರಟು ನಾರಿನ ಅಂಗಿ. ಈಗ ಪ್ರಯೋಗಾಲಯದವರ ಕೋಟು, ವೈದ್ಯರ ಕೋಟು, ಅಜ್ಜಿಯರು ಅಡುಗೆಮನೆಯಲ್ಲಿ ಹಾಕಿಕೊಳ್ಳುವ ಗುಂಡಿಯ ಮುಂಗವಚ, ಎಲ್ಲಕ್ಕೂ ಅದೇ ಪದ. ಈ ಪದ ಎಲ್ಲಿಂದ ಬಂತು ಎಂಬಲ್ಲಿ ನಿಘಂಟುಕಾರರಿಗೆ ಒಮ್ಮತವಿಲ್ಲ. ಒಂದು ವಾದ ಅದನ್ನು ಅರಬ್ಬಿಯ ‘ಕುತ್ನ್’ಗೆ, ಅಂದರೆ ಹತ್ತಿಗೆ, ಒಯ್ದು ಮುಟ್ಟಿಸುತ್ತದೆ. ಇಂಗ್ಲಿಷಿನ ಕಾಟನ್ ಬಂದದ್ದೂ ಆ ಅರಬ್ಬಿ ಪದದಿಂದಲೇ. ತಮಾಷೆಯೆಂದರೆ ಹತ್ತಿಗೆ ಜರ್ಮನ್ನರ ಸ್ವಂತ ಪದ ‘ಬೌಮ್‌ವೊಲ್ಲೆ’, ಮರದ ಉಣ್ಣೆ. ಕುರಿಯನ್ನಷ್ಟೇ ಕಂಡವರಿಗೆ ಹತ್ತಿಯೂ ಉಣ್ಣೆಯಾಗಿಯೇ ಕಂಡಿತು.

ಅಂಗಿಯ ಪದ ಮನುಷ್ಯನಿಗೆ ಹೇಗೆ ಅಂಟಿತು? ಜರ್ಮನ್ ನಾಡುಗಳಲ್ಲಿ ಮನೆತನದ ಹೆಸರುಗಳು ಸುಮಾರು 12ನೇ ಶತಮಾನದಿಂದ ಮೆಲ್ಲಗೆ ಗಟ್ಟಿಯಾಗುತ್ತ ಬಂದವು. ಒಂದೇ ಊರಿನಲ್ಲಿ ಹತ್ತು ಮಂದಿ ಯೋಹಾನ್ನರಿದ್ದರೆ ಗುರುತಿಗೆ ಏನಾದರೂ ಬೇಕಲ್ಲ. ಅಂಗಿ ಹೊಲಿಯುವವನು, ಅಂಗಿ ಮಾರುವವನು, ಹಬ್ಬವಿರಲಿ ಮಸಣವಿರಲಿ ಅದೇ ಅಂಗಿಯಲ್ಲಿ ಬರುವವನು, ಮೂವರೂ ‘ಕಿಟೆಲ್’ ಆಗಬಹುದಿತ್ತು. ಕಸುಬನ್ನೇ ಸ್ಪಷ್ಟವಾಗಿ ಹೇಳುವ ‘ಕಿಟ್ಲರ್’ ಬೇರೆ ಇದೆ, ‘ಕಿಟೆಲ್‌ಮನ್’ ಕೂಡ ಇದೆ. ಹೀಗೆ ರೂಪದಿಂದಲೋ ಉಡುಪಿನಿಂದಲೋ ಬಂದ ಹೆಸರಿಗೆ ಅವರ ಹೆಸರು-ವಿದ್ವಾಂಸರು ‘ಯೂಬರ್‌ನಾಮೆ’ ಎನ್ನುತ್ತಾರೆ, ಅಂದರೆ ಮೇಲೆ ಬಿದ್ದ ಹೆಸರು. ನಾವು ಮೇಲೆ ಹಾಕುವುದಿಲ್ಲ, ಅಡ್ಡ ಹಾಕುತ್ತೇವೆ: ಅಡ್ಡಹೆಸರು. ಹಳೆಯ ಮೈಸೂರಿನ ಕಡೆ ಅಡ್ಡಹೆಸರೆಂದರೆ ಗೇಲಿಗೋ ಸಲಿಗೆಗೋ ಇಟ್ಟದ್ದು. ಧಾರವಾಡದ ಕಡೆ ಅರ್ಜಿಯಲ್ಲಿ ತುಂಬುವ ಮನೆತನದ ಹೆಸರು. ಈ ಎರಡು ಅರ್ಥಗಳ ಗೊಂದಲವನ್ನು ನಾನು ಬಹಳ ದಿನ ದೂರುತ್ತಿದ್ದೆ. ಈಗ ನೋಡಿದರೆ ಕಿಟೆಲ್ ಎಂಬ ಹೆಸರಿನ ಕಥೆಯೇ ಮೊದಲ ಅರ್ಥದಿಂದ ಎರಡನೆಯದಕ್ಕೆ ನಡೆದು ಬಂದದ್ದು.

ಇನ್ನು ಯಹೂದಿ ವಾದ. ಪೂರ್ವ ಯುರೋಪಿನ ಯಹೂದಿಗಳ ಯಿಡ್ಡಿಷ್ ಭಾಷೆಯ ಬಹುಪಾಲು ಪದಗಳು ಜರ್ಮನ್ ಮೂಲದವು. ಹೊಲದ ಅಂಗಿಯ ಹೆಸರೇ ಅಲ್ಲಿ ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನದ, ಮದುಮಗನ, ಕಡೆಗೆ ಶವದ ಮೇಲಿನ ಬಿಳಿ ವಸ್ತ್ರಕ್ಕೂ ನಿಂತಿತು. ಅಂದರೆ ಪದ ಹೋದದ್ದು ಜರ್ಮನ್ನಿನಿಂದ ಯಿಡ್ಡಿಷ್‌ಗೆ. ಬಟ್ಟೆಯ ಹೆಸರು ಆಚರಣೆಗೆ ಏರುವುದು ನಮಗೆ ಹೊಸದಲ್ಲ: ಉತ್ತರ ಕರ್ನಾಟಕದಲ್ಲಿ ‘ಕುಬಸ’ ಎಂದರೆ ರವಿಕೆ, ಬಸುರಿಗೆ ಮಾಡುವ ಶಾಸ್ತ್ರವೂ ಕುಬಸವೇ. ಪದ ಹಂಚಿಕೊಂಡ ಮಾತ್ರಕ್ಕೆ ರಕ್ತ ಹಂಚಿಕೊಂಡಂತಾಗುವುದಿಲ್ಲ. ಫರ್ಡಿನಂಡ್ ಕಿಟೆಲ್ 1832ರಲ್ಲಿ ಹುಟ್ಟಿದ್ದು ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ, ಪ್ರೊಟೆಸ್ಟಂಟ್ ಪಾದ್ರಿಯ ಮಗನಾಗಿ.

ಆ ಊರಿನ ಹಿನ್ನೆಲೆಯಲ್ಲಿ ಈ ಹೆಸರು ಸ್ವಲ್ಪ ಹೊರಗಿನದಾಗಿ ಕಾಣುತ್ತದೆ. ಫ್ರೀಸಿಯನ್ನರಲ್ಲಿ ಮನೆತನದ ಹೆಸರೇ ನಿಂತಿರಲಿಲ್ಲ. ತಂದೆ ಯಾನ್ ಆದರೆ ಮಗ ಯಾನ್ಸೆನ್, ಅವನ ಹೆಸರು ಹಾರ್ಮ್ ಆದರೆ ಅವನ ಮಗ ಹಾರ್ಮ್ಸ್. ನೆಪೋಲಿಯನ್ನನ ಆಳ್ವಿಕೆಯಲ್ಲಿ, 1811ರಲ್ಲಿ, ಎಲ್ಲರೂ ಒಂದು ಹೆಸರು ಹಿಡಿದು ನಿಲ್ಲಬೇಕೆಂದು ಆಜ್ಞೆಯಾಯಿತು. ಅಂದರೆ ಬಾಲಕ ಫರ್ಡಿನಂಡನ ಓರಗೆಯ ಅನೇಕ ಹುಡುಗರ ಮನೆತನದ ಹೆಸರಿಗೆ ಇಪ್ಪತ್ತು-ಮೂವತ್ತು ವರ್ಷವಷ್ಟೇ ಆಗಿತ್ತು. ಕಿಟೆಲರು ಹೆಚ್ಚಾಗಿ ಸಿಗುವುದು ಅಲ್ಲಿಂದ ದೂರ, ಸ್ಯಾಕ್ಸನಿ, ತುರಿಂಗಿಯ, ಹಳೆಯ ಸಿಲೇಸಿಯ, ಉತ್ತರ ಬೊಹೀಮಿಯದ (ಇಂದಿನ ಚೆಕ್ ದೇಶದ ಭಾಗ) ಪಟ್ಟಿಯಲ್ಲಿ. ಬೊಹೀಮಿಯದ ಯಿಜೆರಾ ಬೆಟ್ಟಗಳಲ್ಲಿ 18ನೇ ಶತಮಾನದಲ್ಲಿ ಡಾಕ್ಟರ್ ಕಿಟೆಲ್ ಎಂಬ ವೈದ್ಯನಿದ್ದ. ಅವನ ಸುತ್ತ ಮಾಟ-ಮಂತ್ರದ ಕಥೆಗಳು ಹುಟ್ಟಿದವು. ವೈದ್ಯರು ಬಿಳಿ ಕಿಟೆಲ್ ತೊಡಲು ಶುರುಮಾಡಿದ್ದು ಅವನು ಸತ್ತು ನೂರು ವರ್ಷದ ಮೇಲೆ.

ಡಿಎನ್‌ಎ ಮಾತಿಗೆ ಬರೋಣ. ಯುರೋಪಿನಲ್ಲಿ ಹೆಸರು ತಂದೆಯಿಂದ ಮಗನಿಗೆ ಬರುತ್ತದೆ, ಗಂಡಸರಲ್ಲಿರುವ ವೈ ಕ್ರೋಮೊಸೋಮ್ ಎಂಬ ವಂಶವಾಹಿ ಎಳೆಯೂ ಹಾಗೆಯೇ. ಆದ್ದರಿಂದ ಎರಡೂ ಜೊತೆಯಾಗಿ ಹರಿಯಬೇಕು ಎಂಬ ಲೆಕ್ಕ ತಪ್ಪಲ್ಲ. ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ತನ್ನದೇ ಅಡ್ಡಹೆಸರಿನ 48 ಗಂಡಸರನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಒಂದೇ ವೈ ಗುರುತು ಸಿಕ್ಕಿತು. ಎಲ್ಲರಿಗೂ ಒಬ್ಬನೇ ಮೂಲಪುರುಷನಿದ್ದಿರಬೇಕು, ಉಳಿದ ಅರ್ಧ ನಡುವೆ ದತ್ತುವಿನಿಂದಲೋ ಮದುವೆಯ ಹೊರಗಿನ ಸಂಬಂಧದಿಂದಲೋ ಕವಲೊಡೆದದ್ದು ಎಂದು ಅವರು ಅರ್ಥ ಮಾಡಿದರು. ಕಿಟೆಲ್‌ಗೆ ಈ ಅನುಕೂಲವಿಲ್ಲ. ಅಂಗಿ ಎಲ್ಲ ಊರಲ್ಲೂ ಇತ್ತು, ಆದ್ದರಿಂದ ಹೆಸರೂ ಹಲವು ಊರುಗಳಲ್ಲಿ ತನ್ನ ಪಾಡಿಗೆ ತಾನು ಹುಟ್ಟಿರಬೇಕು. ಘನಸ್ಥಿತಿ ಭೌತಶಾಸ್ತ್ರ ಓದಿದವರಿಗೆ ಪಠ್ಯಪುಸ್ತಕದಿಂದ ಪರಿಚಿತನಾದ ಅಮೆರಿಕದ ಚಾರ್ಲ್ಸ್ ಕಿಟೆಲ್, ಸೈಕಲ್ ಪಂದ್ಯಗಳ ಮಾರ್ಸೆಲ್ ಕಿಟೆಲ್, ನಮ್ಮ ಫರ್ಡಿನಂಡ್, ಇವರಿಗೆ ಒಬ್ಬನೇ ಮುತ್ತಾತ ಇರಬೇಕೆಂಬ ಒತ್ತಾಯವೇನಿಲ್ಲ. ಅದರ ಮೇಲೆ ಪಶ್ಚಿಮ ಜರ್ಮನಿಯ ವೆಸ್ಟ್‌ಫಾಲಿಯದಂಥ ಕಡೆ ಮನೆಅಳಿಯನಾಗಿ ಹೊಲಮನೆಗೆ ಬಂದವನು ತನ್ನ ಹೆಸರು ಬಿಟ್ಟು ಆ ಹೊಲಮನೆಯ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ. ಹೆಸರು ಮಣ್ಣಿಗೆ ಅಂಟಿತ್ತು, ಕ್ರೋಮೊಸೋಮ್ ಬದಲಾಯಿತು.

ಇನ್ನೂ ಒಂದು. ಜರ್ಮನಿಯ ಪಶ್ಚಿಮ, ದಕ್ಷಿಣಗಳಲ್ಲಿ ಆರ್1ಬಿ ಎಂಬ ಗಂಡುಸಾಲು, ಅಂದರೆ ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೊಸೋಮಿನ ಒಂದು ಬಗೆ, ಹೆಚ್ಚು. ಪೂರ್ವಕ್ಕೆ ಹೋದಂತೆ ಸ್ಲಾವ್ ಜನರಲ್ಲಿ ಸಾಮಾನ್ಯವಾದ ಆರ್1ಎ ಏರುತ್ತದೆ. ಕಿಟೆಲರ ಪಟ್ಟಿ ಇರುವುದೇ ಪೂರ್ವದಲ್ಲಿ. 12, 13ನೇ ಶತಮಾನಗಳಲ್ಲಿ ಜರ್ಮನ್ ಒಕ್ಕಲಿಗರು ಸ್ಲಾವ್ ನಾಡುಗಳಿಗೆ ಬಂದು ನೆಲಸಿ, ಇಬ್ಬರೂ ಬೆರೆತ ಜಾಗ ಅದು. ಪದ ಅರಬ್ಬಿಯದಿರಬಹುದು, ಹೆಸರು ಜರ್ಮನ್, ಅದನ್ನು ಹೊತ್ತವನ ಗಂಡುಸಾಲು ಸ್ಲಾವ್ ಆಗಿರಬಹುದು. ಅದೂ ಒಂದು ಎಳೆ ಮಾತ್ರ. ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬನಿಗೆ 1,024 ಪೂರ್ವಜಸ್ಥಾನಗಳು. ಅವುಗಳಲ್ಲಿ ಹೆಸರು ಇಳಿದು ಬಂದದ್ದು ಒಂದರಿಂದ, ಉಳಿದ 1,023 ಹೆಸರಿನ ಲೆಕ್ಕಕ್ಕೇ ಇಲ್ಲ.

ಹೆಸರಿನಿಂದ ರಕ್ತ ಅಳೆಯುವ ಮಾತು ಬಂದಾಗ ನನಗೆ ಇನ್ನೊಬ್ಬ ಕಿಟೆಲ್ ನೆನಪಾಗುತ್ತಾನೆ. 1903ರಲ್ಲಿ ನಮ್ಮ ಕಿಟೆಲ್ ತೀರಿಕೊಂಡ ಟ್ಯೂಬಿಂಗೆನ್ ಊರಿನಲ್ಲೇ ಮುಂದೆ ದೇವತಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಗೆರ್‌ಹಾರ್ಡ್ ಕಿಟೆಲ್. 1933ರಲ್ಲಿ ನಾತ್ಸಿ ಪಕ್ಷ ಸೇರಿ, ಯಹೂದಿಗಳ ವಿರುದ್ಧ ತನ್ನ ಪಾಂಡಿತ್ಯವನ್ನೆಲ್ಲ ಸುರಿದವನು. ಯಹೂದಿಯ ಶವವಸ್ತ್ರದ ಹೆಸರನ್ನೇ ಹೊತ್ತುಕೊಂಡು ಹಾಗೆ ಬರೆದ. ಆ ಕಾಲದಲ್ಲಿ ಸರ್ಕಾರಿ ನೌಕರ ಅಜ್ಜ-ಅಜ್ಜಿಯರವರೆಗೆ ಜನನದ ಅಥವಾ ದೀಕ್ಷಾಸ್ನಾನದ ಏಳು ಪತ್ರ, ಮದುವೆಯ ಮೂರು ಪತ್ರ ಒಟ್ಟುಮಾಡಿ ತಾನು ‘ಆರ್ಯ’ ಎಂದು ತೋರಿಸಬೇಕಿತ್ತು. "ಪರೀಕ್ಷೆ ಮಾಡಿಸಿದರೆ ತೀರಿತು" ಎಂದವರ ಮೇಲೆ ನಾನು ಸ್ವಲ್ಪ ಸಿಡುಕಿದ್ದು ಇದಕ್ಕೆ. ಅವರು ಬೇಸರ ಮಾಡಿಕೊಳ್ಳಬಾರದು.

ಕಿಟೆಲ್ ಸ್ವತಃ ಪದಗಳ ಊರು-ಮನೆ ಹುಡುಕುತ್ತಲೇ ಬದುಕಿದವರು. ಸಂಸ್ಕೃತ ನಿಘಂಟುಗಳಲ್ಲಿ ಸೇರಿಕೊಂಡ ದ್ರಾವಿಡ ಪದಗಳ ಬಗ್ಗೆ ಅವರು ಬರೆದರು, 1894ರ ನಿಘಂಟಿನ ಮುನ್ನುಡಿಯಲ್ಲೂ ಆ ಚರ್ಚೆ ಇದೆ. ಹಾಗಾಗಿ ಅವರ ಹೆಸರನ್ನು ಕೆದಕಿದ್ದಕ್ಕೆ ಅವರೇನೂ ಮುನಿಯಲಾರರು.

ನನ್ನ ನಿಜವಾದ ಪ್ರಶ್ನೆ ಈಗ. ಧಾರವಾಡ, ಗದಗ, ಹಾವೇರಿಯ ಕಡೆ ‘ಕುಬಸದ’ ಎಂಬ ಅಡ್ಡಹೆಸರಿದೆ. ‘ಕಂಬಳಿ’, ‘ಹತ್ತಿ’ಗಳೂ ಇವೆ. ಕುಬಸದ ಎಂಬುದು ಷಷ್ಠಿ: ಕುಬಸಕ್ಕೆ ಸೇರಿದವರು. ಹೊಲಿದವರೋ, ಮಾರಿದವರೋ, ಶಾಸ್ತ್ರಕ್ಕೆ ಹೊತ್ತೊಯ್ದು ಕೊಟ್ಟವರೋ ವಿಭಕ್ತಿ ಬಾಯಿ ಬಿಡುವುದಿಲ್ಲ. ಕಿಟೆಲ್‌ನ ಒಗಟೇ ಇದು. ಆ ಮನೆತನದವರು, ಅಥವಾ ಅವರ ನೆರೆಯವರು, ಬಳಗದಲ್ಲಿದ್ದರೆ ಮನೆಯಲ್ಲಿ ಹಿರಿಯರು ಏನು ಹೇಳುತ್ತಿದ್ದರು ಎಂದು ತಿಳಿಸಬೇಕು. ಜೊತೆಗೆ, ಹೊಲದ ಕೆಲಸಕ್ಕೆಂದೇ ಮೇಲೆ ತೊಡುವ ಸಡಿಲ ಅಂಗಿಗೆ ನಿಮ್ಮ ಊರಿನಲ್ಲಿ ಬೇರೆ ಹೆಸರಿದೆಯೇ? ‘ನಿಲುವಂಗಿ’ ಎಂದರೆ ಆಸ್ಥಾನ ನೆನಪಾಗುತ್ತದೆ, ‘ಮೇಲಂಗಿ’ ಎಂದರೆ ಚಳಿ. ಅಣ್ಣನ ಮಗಳು ತನ್ನ ಬಾಗಿಲ ಹಾಳೆಯ ಕೆಳಗೆ ಕನ್ನಡದಲ್ಲೂ ಒಂದು ಸಾಲು ಬರೆದು ಅಂಟಿಸುತ್ತೇನೆ, ಪದ ಕೊಡಿ ಎಂದು ಕುಳಿತಿದ್ದಾಳೆ.